ಹಳೇ ವಿಡಿಯೋ ಗೇಮ್ ಹಾಡುಗಳನ್ನು ಎಂಪಿ3 ಮಾಡಿದರೆ ಸ್ಪೀಡ್ ಹೆಚ್ಚುಕಮ್ಮಿ ಆಗುತ್ತಿದೆ, ಸರಿ ಮಾಡೋದು ಹೇಗೆ?

ಚಿಂತಾಮಣಿಯಿಂದ ನೀವು ಕೇಳಿರುವುದು ಇಷ್ಟು: ಸೂಪರ್ ನಿಂಟೆಂಡೊ, ಪ್ಲೇಸ್ಟೇಷನ್, ಮತ್ತೆ ಹಳೇ ಎಂಟು ಬಿಟ್ ಗೇಮ್‌ಗಳ ಸಂಗೀತವನ್ನು ಎಂಪಿ3 ಮಾಡಿಕೊಂಡಿದ್ದೀರಿ. ಕೆಲವು ಓಡುತ್ತವೆ, ಕೆಲವು ಎಳೆಯುತ್ತವೆ. ಪ್ಲೇಯರ್‌ನಲ್ಲಿ ಸ್ಪೀಡ್ ಕಮ್ಮಿ ಮಾಡಿ ಕೇಳಿದರೂ ಸಮಾಧಾನ ಇಲ್ಲ.

ಆ ಸ್ಪೀಡ್ ಬಟನ್ನನ್ನು ಸದ್ಯಕ್ಕೆ ಮುಟ್ಟಬೇಡಿ. ಮೊದಲು ಒಂದೇ ಒಂದು ವಿಷಯ ನೋಡಿ. ಸ್ಪೀಡ್ ಜೊತೆ ಶ್ರುತಿಯೂ ಬದಲಾಗಿದೆಯಾ, ಇಲ್ವಾ? ಎರಡೂ ಒಟ್ಟಿಗೆ ಒಂದೇ ಅಳತೆಯಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ಅದು ಸ್ಯಾಂಪಲ್ ರೇಟ್ (ಒಂದು ಸೆಕೆಂಡಿನ ಸದ್ದಿನಲ್ಲಿ ಎಷ್ಟು ಸ್ಯಾಂಪಲ್, ಅಂದರೆ ಸದ್ದಿನ ಅಳತೆಯ ತುಣುಕು, ಇವೆ ಅನ್ನೋ ಲೆಕ್ಕ, ಹರ್ಟ್ಜ್‌ನಲ್ಲಿ) ತಪ್ಪು. ಶ್ರುತಿ ಸರಿಯಾಗೇ ಇದ್ದು ತಾಳ ಮಾತ್ರ ಕೆಟ್ಟಿದ್ದರೆ ಅದು ಬೇರೆ ರೋಗ, ಅದಕ್ಕೆ ಮದ್ದೂ ಬೇರೆ. ಇದನ್ನು ಬೇರ್ಪಡಿಸದೆ ಕೈ ಹಾಕಿದರೆ ಎಷ್ಟು ಹೊತ್ತು ಕೂತರೂ ಸರಿ ಹೋಗಲ್ಲ.

ಎಷ್ಟು ಕೆಟ್ಟಿದೆ ಅಂತ ಕಿವಿಯಲ್ಲಿ ಅಂದಾಜು ಮಾಡಬೇಡಿ, ಅಳೆಯಿರಿ. ಗೇಮ್ ಹಾಡುಗಳು ಸುತ್ತಿ ಸುತ್ತಿ ಬರುತ್ತವೆ, ಆದ್ದರಿಂದ ಅಳೆಯೋದು ಸುಲಭ. ಹಳೇ ಗೇಮ್ ಸೆಟ್ಟನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಒಳ್ಳೆಯ ಎಮ್ಯುಲೇಟರ್‌ನಲ್ಲಿ ಗೇಮ್ ಓಡಿಸಿ, ಒಂದು ಸುತ್ತು ಎಷ್ಟು ಸೆಕೆಂಡ್ ಅಂತ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ನೋಡಿಕೊಳ್ಳಿ. ಅದೇ ಸುತ್ತನ್ನು ನಿಮ್ಮ ಫೈಲ್‌ನಲ್ಲಿ ಅಳೆಯಿರಿ. ಅಸಲಿ ಸುತ್ತು 60 ಸೆಕೆಂಡ್ ಅಂತ ಇಟ್ಟುಕೊಳ್ಳೋಣ. ನಿಮ್ಮ ಫೈಲ್‌ನಲ್ಲಿ ಅದು ಸುಮಾರು 43.5 ಸೆಕೆಂಡಿಗೆ ಮುಗಿದರೆ, 32000 ಹರ್ಟ್ಜ್ ಇರಬೇಕಾದ ಸದ್ದಿಗೆ ಯಾರೋ 44100 ಅಂತ ಚೀಟಿ ಅಂಟಿಸಿದ್ದಾರೆ ಅಂತ ಅರ್ಥ. ಸೂಪರ್ ನಿಂಟೆಂಡೊ ಹಾಡುಗಳಲ್ಲಿ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ, ಯಾಕಂದ್ರೆ ಅದರ ಸೌಂಡ್ ಚಿಪ್ ಕೊಡೋದೇ 32000. ಆಗ ಶ್ರುತಿ ಎಷ್ಟು ಏರಿರುತ್ತೆ ಅಂದರೆ ಷಡ್ಜ ಹೋಗಿ ಮಧ್ಯಮದ ಆಚೆ ಕೂತಿರುತ್ತೆ. 55 ಸೆಕೆಂಡ್ ಚಿಲ್ಲರೆ ಬಂದರೆ 44100ರದ್ದನ್ನು 48000 ಅಂತ ಓದಿದೆ. 65 ದಾಟಿದರೆ ಅದರ ಉಲ್ಟಾ. ಸರಿಯಾಗಿ 30ಕ್ಕೆ ಮುಗಿದು ಎಲ್ಲಾ ಮೇಲಿನ ಸ್ಥಾಯಿಗೆ ಹೋಗಿದ್ದರೆ, ಮೋನೋ ಸದ್ದನ್ನು ಸ್ಟೀರಿಯೋ ಅಂತ ತಿಳಿದುಕೊಂಡು ಎರಡೆರಡು ಸ್ಯಾಂಪಲ್ ಒಟ್ಟಿಗೆ ನುಂಗುತ್ತಿದೆ.

ಪ್ಲೇಸ್ಟೇಷನ್‌ದು ಇನ್ನೊಂದು ಥರ. ಮೊನ್ನೆ ನಮ್ಮ ಅಕ್ಕನ ಮಗ ಪೆನ್‌ಡ್ರೈವ್ ಹಿಡಿದುಕೊಂಡು ಬಂದಿದ್ದ, ಇಲ್ಲೇ ತುಮಕೂರಿನ ಎಸ್.ಎಸ್. ಪುರಂನಲ್ಲಿ ಮನೆ. ಅವನ ಫೈಲ್‌ನಲ್ಲಿ ಒಂದು ನಿಮಿಷದ ಸುತ್ತು 51 ಸೆಕೆಂಡಿಗೆ ಮುಗಿಯುತ್ತಿತ್ತು, ಡ್ರಮ್ ಸದ್ದು ಡಬ್ಬ ಬಡಿದ ಹಾಗೆ ತೆಳ್ಳಗಾಗಿತ್ತು. 44100ನ್ನು 51ರಿಂದ ಗುಣಿಸಿ 60ರಿಂದ ಭಾಗಿಸಿದರೆ 37800ರ ಹತ್ತಿರ ಬರುತ್ತೆ. ಪ್ಲೇಸ್ಟೇಷನ್‌ನ ಎಕ್ಸ್ಎ ಆಡಿಯೋ (ಅದರ ಡಿಸ್ಕ್‌ನಲ್ಲಿರುವ ಒಂದು ಬಗೆಯ ಸದ್ದಿನ ಫೈಲ್) 37800 ಅಥವಾ 18900 ಹರ್ಟ್ಜ್‌ನಲ್ಲಿ ಇರುತ್ತೆ. ಎಂಪಿ3ಯಲ್ಲಿ 37800 ಅನ್ನೋ ರೇಟೇ ಇಲ್ಲ. ಹಾಗಾಗಿ ಕನ್ವರ್ಟರ್ ಸರಿಯಾಗಿ ರೀಸ್ಯಾಂಪಲ್ ಮಾಡಬೇಕು, ಅಂದರೆ ಸ್ಪೀಡ್ ಕೆಡದ ಹಾಗೆ ಹೊಸ ರೇಟ್‌ಗೆ ಬರೆಯಬೇಕು, ಮಾಡದೆ ಸುಮ್ನೆ ಹಣೆಪಟ್ಟಿ ಬದಲಾಯಿಸಿದರೆ ಹೀಗಾಗುತ್ತೆ.

ಸರಿ ಮಾಡೋದು ಅಡಾಸಿಟಿ ಅನ್ನೋ ಸದ್ದು ತಿದ್ದುವ ಸಾಫ್ಟ್‌ವೇರ್‌ನಲ್ಲಿ ಐದು ನಿಮಿಷದ ಕೆಲಸ. ವೇವ್ ಫೈಲ್ ತೆರೆಯಿರಿ, ಟ್ರ್ಯಾಕ್ ಹೆಸರಿನ ಪಕ್ಕದ ಮೆನುವಿನಲ್ಲಿ ರೇಟ್ ಅಂತ ಇದೆ, ಅಲ್ಲಿ 32000 ಅಥವಾ 37800, ನಿಮ್ಮ ಲೆಕ್ಕಕ್ಕೆ ಬಂದದ್ದನ್ನು ಕೊಡಿ. ಆಮೇಲೆ 44100ಕ್ಕೆ ಎಕ್ಸ್‌ಪೋರ್ಟ್ ಮಾಡಿ. ಇಲ್ಲಿ ಒಂದು ಎಚ್ಚರ. ಮೇಲಿನ ಟ್ರ್ಯಾಕ್ಸ್ ಮೆನುವಿನಲ್ಲಿ ರೀಸ್ಯಾಂಪಲ್ ಅಂತಲೂ ಇದೆ, ಅದು ಬೇರೆ. ಅದು ಈಗಿರುವ ತಪ್ಪು ಸ್ಪೀಡನ್ನೇ ಹಾಗೇ ಉಳಿಸಿಕೊಂಡು ಹೊಸ ರೇಟ್‌ಗೆ ಬರೆಯುತ್ತೆ, ನಿಮಗೆ ಏನೂ ಬದಲಾದ ಹಾಗೆ ಕಾಣಲ್ಲ. ಮತ್ತೆ ದಯವಿಟ್ಟು ಎಂಪಿ3ಯನ್ನೇ ತಿದ್ದಿ ಮತ್ತೆ ಎಂಪಿ3 ಮಾಡಬೇಡಿ, ಪ್ರತಿ ಸಲ ಸದ್ದು ಒಂದಷ್ಟು ಸಾಯುತ್ತೆ. ಮೂಲ ಫೈಲ್‌ನಿಂದಲೇ ಶುರು ಮಾಡಿ.

ಇನ್ನು ಎಳೆಯುವ ಎಂಟು ಬಿಟ್ ಹಾಡುಗಳು. ನನಗೆ ತುಂಬಾ ಇಷ್ಟವಾದ ಭಾಗ ಇದು, ಇದರಲ್ಲಿ ನಮ್ಮೂರಿನ ಕಥೆಯೂ ಇದೆ. ಈ ಗೇಮ್‌ಗಳಲ್ಲಿ ಹೆಚ್ಚಿನವು ಟಿವಿಯ ಒಂದೊಂದು ಫ್ರೇಮ್‌ಗೆ ಒಂದು ಸಲ ಸಂಗೀತವನ್ನು ಮುಂದಕ್ಕೆ ತಳ್ಳುತ್ತವೆ. ಜಪಾನ್, ಅಮೆರಿಕದ ಆಗಿನ ಎನ್‌ಟಿಎಸ್‌ಸಿ ಪದ್ಧತಿಯ ಟಿವಿಯಲ್ಲಿ ಸೆಕೆಂಡಿಗೆ ಸುಮಾರು 60 ಸಲ. ಆಗ ನಮ್ಮದು ಪಾಲ್ ಪದ್ಧತಿ, 50 ಸಲ. ಅಲ್ಲಿ 60 ಸೆಕೆಂಡಿನ ಸುತ್ತು ಇಲ್ಲಿ 72 ಸೆಕೆಂಡ್! ತೊಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ನಾವು ಬೇಸಿಗೆ ರಜೆಯಲ್ಲಿ ಆಂಟೆನಾ ವೈರ್ ಕಿತ್ತು ಟಿವಿಗೆ ಸಿಕ್ಕಿಸಿ, ಹಳದಿ ಕ್ಯಾಸೆಟ್ ಹಾಕಿ ಆಡುತ್ತಿದ್ದೆವಲ್ಲ, ನಿಮ್ಮ ಚಿಂತಾಮಣಿಯಲ್ಲೂ ಅದೇ ಇದ್ದಿರುತ್ತೆ, ಪಾಲ್ ಟಿವಿಗೆ ಅಂತ ಮಾಡಿದ ಆ ನಕಲಿ ಸೆಟ್‌ಗಳಲ್ಲಿ ಹಲವು ಪ್ರೊಸೆಸರ್ ವೇಗವನ್ನು ಎನ್‌ಟಿಎಸ್‌ಸಿಗೆ ಹತ್ತಿರವೇ ಇಟ್ಟಿದ್ದವು, ಫ್ರೇಮ್ ಮಾತ್ರ 50. ಹಾಗಾಗಿ ಶ್ರುತಿ ಸರಿ, ತಾಳ ನಿಧಾನ. ಯುರೋಪಿನ ಅಸಲಿ ಪಾಲ್ ಸೆಟ್‌ನಲ್ಲಾದರೆ ಪ್ರೊಸೆಸರ್ ಕೂಡ ನಿಧಾನ, ಅಲ್ಲಿ ಶ್ರುತಿಯೂ ಶೇಕಡಾ 7ರಷ್ಟು ಇಳಿಯುತ್ತಿತ್ತು. ಅಂದರೆ ನಿಮ್ಮ ನೆನಪಿನ ಸ್ಪೀಡೇ ನಿಧಾನದ್ದಾಗಿರಬಹುದು, ಸರಿಯಾಗಿರುವ ಫೈಲೇ ನಿಮಗೆ ಓಡಿದ ಹಾಗೆ ಕೇಳಬಹುದು. ಅದಕ್ಕೇ ಸ್ಟಾಪ್‌ವಾಚ್ ಅಂದಿದ್ದು.

ಫೈಲ್ ಎನ್‌ಎಸ್‌ಎಫ್ (ಎಂಟು ಬಿಟ್ ನಿಂಟೆಂಡೊ ಗೇಮ್‌ನ ಸಂಗೀತದ ಫೈಲ್) ಆಗಿದ್ದರೆ ಶ್ರುತಿ ಬಿಟ್ಟು ತಾಳ ಮಾತ್ರ ಬದಲಿಸುವ ಟೆಂಪೋ ಎಫೆಕ್ಟ್ ಹಾಕುವ ಅಗತ್ಯವೇ ಇಲ್ಲ, ಅದು ಸದ್ದಿನ ಹೊಡೆತವನ್ನೆಲ್ಲ ಕಲಸಿಬಿಡುತ್ತೆ. ಫೈಲನ್ನು ಬೈಟ್ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಸೊನ್ನೆಯಿಂದ ಎಣಿಸಿದರೆ 110ನೇ ಬೈಟ್‌ನಿಂದ ಎರಡು ಬೈಟ್ ಎನ್‌ಟಿಎಸ್‌ಸಿ ಸ್ಪೀಡ್, ಮೈಕ್ರೋಸೆಕೆಂಡ್‌ನಲ್ಲಿ, ಚಿಕ್ಕ ಬೈಟ್ ಮೊದಲು. ಅಲ್ಲಿ 16639 ಅಥವಾ 16666 ಇರಬೇಕು. 120ರಿಂದ ಪಾಲ್‌ದು, 20000ದ ಆಸುಪಾಸು. 122ನೇ ಬೈಟ್ 0 ಇದ್ದರೆ ಎನ್‌ಟಿಎಸ್‌ಸಿ, 1 ಇದ್ದರೆ ಪಾಲ್. ಎನ್‌ಟಿಎಸ್‌ಸಿ ಗೇಮ್‌ನ ಹಾಡಿಗೆ ಅಲ್ಲಿ 1 ಕೂತಿದ್ದರೆ 0 ಮಾಡಿ ಮತ್ತೆ ಕನ್ವರ್ಟ್ ಮಾಡಿ, ಸಾಕು.

ಸೂಪರ್ ನಿಂಟೆಂಡೊ ಹಾಡಿಗೆ ಈ 50-60ರ ಕಥೆ ಸಾಮಾನ್ಯವಾಗಿ ಹಚ್ಚಬೇಡಿ, ಅದರ ಸೌಂಡ್ ಭಾಗಕ್ಕೆ ಬೇರೆಯೇ ಗಡಿಯಾರ ಇದೆ. ಮಿಡಿ (ಸದ್ದಲ್ಲ, ಸ್ವರಗಳ ಪಟ್ಟಿ ಇರುವ ಫೈಲ್) ಮಾಡಿಕೊಂಡದ್ದು ಸರಿಯಾಗಿ ಎರಡರಷ್ಟು ಅಥವಾ ಅರ್ಧ ಸ್ಪೀಡಿಗೆ ಹೋದರೆ ಹೆಡರ್‌ನಲ್ಲಿ ಟಿಕ್ ಸಂಖ್ಯೆ (ಒಂದು ಬೀಟ್‌ಗೆ ಎಷ್ಟು ಭಾಗ ಅನ್ನೋದು) ನೋಡಿ, ಉದಾಹರಣೆಗೆ 96 ಇರಬೇಕಾದಲ್ಲಿ 48 ಅಥವಾ 192 ಬಿದ್ದಿರುತ್ತೆ. ಟೆಂಪೋನೇ ಬರೆದಿಲ್ಲ ಅಂದರೆ ಪ್ಲೇಯರ್ ತಾನಾಗೇ ನಿಮಿಷಕ್ಕೆ 120 ಬೀಟ್ ಅಂತ ಹಿಡಿದುಕೊಳ್ಳುತ್ತೆ.