ಬಿಸಿಲಿಗೆ ಬರವಿಲ್ಲ, ಬರ ಇರುವುದು ತಂತಿಗೆ

ಪ್ರಿಯ ಓದುಗರೇ,

ಸೌರಶಕ್ತಿಯ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ಜಗತ್ತು ಇವತ್ತಿಗೂ ಹೆಚ್ಚಾಗಿ ಕಲ್ಲಿದ್ದಲು, ಎಣ್ಣೆ, ಅನಿಲವನ್ನೇ ನಂಬಿದೆ, ಅಷ್ಟನ್ನೂ ಬಿಸಿಲು, ಗಾಳಿಯಿಂದ ತುಂಬಲು ಆಗುತ್ತದೆಯೇ? ಸೂರ್ಯ ಮುಳುಗಿದ ಮೇಲೆ ಏನು ಗತಿ?

ಅಷ್ಟನ್ನೂ ತುಂಬಬೇಕಾಗಿಲ್ಲ ಎಂಬುದೇ ನನ್ನ ಮೊದಲ ಮಾತು. ಪೆಟ್ರೋಲ್ ಕಾರನ್ನೇ ನೋಡಿ. ಟ್ಯಾಂಕಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸುವುದು ಸುಮಾರು ಕಾಲು ಭಾಗ. ಮಿಕ್ಕಿದ್ದರಲ್ಲಿ ಬಹುಪಾಲು ರೇಡಿಯೇಟರ್, ಸೈಲೆನ್ಸರ್ ಮೂಲಕ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕೆಲಸಕ್ಕೆ ಬರುತ್ತದೆ. ಕಲ್ಲಿದ್ದಲು ಸ್ಥಾವರಗಳಲ್ಲೂ ಸುಟ್ಟದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಬಿಸಿಯಾಗಿ ಪೋಲಾಗುತ್ತದೆ. ಈ ಪೋಲನ್ನು ಸೋಲಾರ್ ಪ್ಯಾನೆಲ್ ತುಂಬಿಕೊಡಬೇಕಿಲ್ಲ, ಅಲ್ವಾ?

ಇನ್ನು ವೇಗ. ಜಗತ್ತಿನ ಒಟ್ಟು ಸೌರ ಸಾಮರ್ಥ್ಯ 1,000 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಅಂದರೆ ನೂರು ಕೋಟಿ ವ್ಯಾಟ್) ದಾಟಿದ್ದು 2022ರಲ್ಲಿ. 2024ರ ಹೊತ್ತಿಗೆ ಅದು ಇಮ್ಮಡಿಯಾಯಿತು. 2010ಕ್ಕೆ ಹೋಲಿಸಿದರೆ ಸೌರ ವಿದ್ಯುತ್ತಿನ ವೆಚ್ಚ ಸುಮಾರು ಶೇ. 90 ಇಳಿದಿದೆ. ಜಲವಿದ್ಯುತ್ತನ್ನೂ ಸೇರಿಸಿದರೆ 2023ರಲ್ಲಿ ಜಗತ್ತಿನ ವಿದ್ಯುತ್ತಿನ ಶೇ. 30 ನವೀಕರಿಸಬಹುದಾದ ಮೂಲಗಳಿಂದ ಬಂತು. ಹಾಗಂತ ಬೀಗುವ ಹಾಗಿಲ್ಲ. ನಾವು ಬಳಸುವ ಒಟ್ಟು ಶಕ್ತಿಯಲ್ಲಿ ವಿದ್ಯುತ್ತಿನ ಪಾಲೇ ಐದರಲ್ಲೊಂದು. ಹಾಗಾಗಿ ವಾಹನ, ಕಾರ್ಖಾನೆಗಳೂ ವಿದ್ಯುತ್ತಿಗೆ ಬರಬೇಕು.

ರಾತ್ರಿಯ ಪ್ರಶ್ನೆಗೆ ಕ್ಯಾಲಿಫೋರ್ನಿಯಾ ಒಳ್ಳೆಯ ಉದಾಹರಣೆ. ಅಲ್ಲಿ ಮಧ್ಯಾಹ್ನದ ಹೆಚ್ಚುವರಿ ಬಿಸಿಲು ಬ್ಯಾಟರಿಗೆ ಹೋಗುತ್ತದೆ, ಸಂಜೆ ಅದು ಗ್ರಿಡ್‌ಗೆ, ಅಂದರೆ ವಿದ್ಯುತ್ ಜಾಲಕ್ಕೆ, ವಾಪಸ್ ಬರುತ್ತದೆ. 2024ರ ಏಪ್ರಿಲ್‌ನ ಒಂದು ಸಂಜೆ, ಸ್ವಲ್ಪ ಹೊತ್ತು, ಅಲ್ಲಿನ ಗ್ರಿಡ್‌ಗೆ ಎಲ್ಲಕ್ಕಿಂತ ಹೆಚ್ಚು ಕರೆಂಟ್ ಕೊಟ್ಟದ್ದು ಬ್ಯಾಟರಿಗಳೇ. ಹತ್ತು ವರ್ಷದ ಹಿಂದೆ ಇದನ್ನು ಯಾರೂ ನಂಬುತ್ತಿರಲಿಲ್ಲ. ಆದರೆ ಇವು ಕೆಲವೇ ಗಂಟೆಗಳ ಬ್ಯಾಟರಿಗಳು. ವಾರಗಟ್ಟಲೆ ಮೋಡ ಕವಿದು ಗಾಳಿಯೂ ನಿಂತರೆ ಇವು ಸಾಲವು. ಆಗ ಜಲಾಶಯ ಬೇಕು, ಅಣುವಿದ್ಯುತ್ ಬೇಕು, ದೂರದ ಊರಿನ ಬಿಸಿಲು ತರುವ ತಂತಿ ಬೇಕು. ಸಿಮೆಂಟಿನದು ಬೇರೆಯೇ ಕಥೆ: ಸುಣ್ಣಕಲ್ಲು ಸುಡುವಾಗ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕರೆಂಟ್ ಎಷ್ಟೇ ಶುದ್ಧವಾಗಿರಲಿ.

ನನಗೆ ನಿಜವಾದ ಚಿಂತೆ ಇರುವುದು ತಂತಿಯದ್ದು. ಗ್ರಿಡ್ ಸಂಪರ್ಕಕ್ಕಾಗಿ 3,000 ಗಿಗಾವ್ಯಾಟ್‌ನಷ್ಟು ಯೋಜನೆಗಳು ಸಾಲಿನಲ್ಲಿ ಕಾಯುತ್ತಿವೆ ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಹೇಳಿತು. ಸೋಲಾರ್ ಪಾರ್ಕ್ ಒಂದೆರಡು ವರ್ಷದಲ್ಲಿ ಎದ್ದು ನಿಲ್ಲಬಹುದು. ಅದರ ಕರೆಂಟ್ ಸಾಗಿಸುವ ಲೈನಿಗೆ ಜಮೀನು, ಅನುಮತಿ, ತಕರಾರು ಅಂತ ಹತ್ತು ವರ್ಷವೂ ಹಿಡಿಯಬಹುದು. ತಂತ್ರಜ್ಞಾನಕ್ಕೇನೂ ಕೊರತೆಯಿಲ್ಲ. ಚೀನಾದ ಶಿಂಜಿಯಾಂಗ್‌ನಿಂದ ಪೂರ್ವದ ಅನ್‌ಹುಯಿವರೆಗೆ 1,100 ಕಿಲೋವೋಲ್ಟ್‌ನ ಒಂದೇ ಲೈನ್ 3,000 ಕಿಲೋಮೀಟರಿಗೂ ಹೆಚ್ಚು ದೂರ ಕರೆಂಟ್ ಒಯ್ಯುತ್ತಿದೆ.

2030ರೊಳಗೆ ನವೀಕರಿಸಬಹುದಾದ ಸಾಮರ್ಥ್ಯವನ್ನು ಮೂರು ಪಟ್ಟು ಮಾಡಲು ಶ್ರಮಿಸುವುದಾಗಿ ದೇಶಗಳು 2023ರಲ್ಲಿ ದುಬೈನ ಹವಾಮಾನ ಸಮ್ಮೇಳನದಲ್ಲಿ ಒಪ್ಪಿದವು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು, ಸಾಧ್ಯ. ಆದರೆ ಇನ್ನು ಮುಂದೆ ಯಾವುದೇ ಸರ್ಕಾರ ಇಷ್ಟು ಗಿಗಾವ್ಯಾಟ್ ಹಾಕಿದೆವು ಎಂದಾಗ, ಅದರಲ್ಲಿ ಎಷ್ಟಕ್ಕೆ ಲೈನ್ ಸಿಕ್ಕಿದೆ ಎಂದೂ ಕೇಳಿ. ನಾವೂ ಕೇಳುತ್ತೇವೆ.

– ಸಂಪಾದಕರು