ಇತಿಹಾಸಕಾರನಿಗೆ ಇಂಗ್ಲಿಷ್ ಸಾಹಿತ್ಯದವನ ಜೊತೆ ಪತ್ರ ವ್ಯವಹಾರದಿಂದ ಏನು ಸಿಗುತ್ತದೆ?

ಇಂಗ್ಲಿಷ್ ತಿದ್ದಿಸಿಕೊಳ್ಳುವುದು ಬಿಟ್ಟರೆ ಇನ್ನೇನು ಸಿಗುತ್ತದೆ ಅಂತ ಕೇಳಿದ್ದೀರಿ. ಅದಕ್ಕಿಂತ ತುಂಬಾ ಜಾಸ್ತಿ ಸಿಗುತ್ತದೆ. ಇತಿಹಾಸಕಾರರಾದ ಜದುನಾಥ್ ಸರ್ಕಾರ್ ಮತ್ತು ಗೋವಿಂದ ಸಖಾರಾಮ್ ಸರದೇಸಾಯಿ ಅವರ ಪತ್ರಗಳನ್ನು ನೋಡಿ.

ಸರ್ಕಾರ್ ಅಂದರೆ ನಮಗೆ ಔರಂಗಜೇಬನ ಚರಿತ್ರೆಯ 5 ಸಂಪುಟಗಳು ನೆನಪಾಗುತ್ತವೆ. ಆದರೆ ಅವರು 1892ರಲ್ಲಿ ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಮೊದಲು ಪಾಠ ಹೇಳಿದ್ದೂ ಇಂಗ್ಲಿಷನ್ನೇ. ಸರದೇಸಾಯಿ ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರ ಕೈಕೆಳಗೆ ನೌಕರಿ ಮಾಡುತ್ತಾ ಮರಾಠಿಯಲ್ಲಿ ರಿಯಾಸತ್ ಅನ್ನುವ ಇತಿಹಾಸದ ಸಂಪುಟಗಳನ್ನು ಬರೆದವರು. ಇಬ್ಬರ ಪತ್ರ ವ್ಯವಹಾರ ಸುಮಾರು 50 ವರ್ಷ ನಡೆಯಿತು, ಅದೂ ಇಂಗ್ಲಿಷಿನಲ್ಲಿ.

ಸಾಹಿತ್ಯದವನು ವಾಕ್ಯ ಚಂದ ಮಾಡುತ್ತಾನೆ, ಇತಿಹಾಸದವನು ದಾಖಲೆ ಕೊಡುತ್ತಾನೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಮೂಲ ಕಾಗದ ಎಲ್ಲಿ, ತಾರೀಕು ಸರಿ ಇದೆಯಾ, ಯುದ್ಧ ನಡೆದ ಜಾಗ ನೋಡಿದ್ದೀರಾ ಅಂತ ಪಟ್ಟು ಹಿಡಿಯುತ್ತಿದ್ದದ್ದು ಇಂಗ್ಲಿಷ್ ಎಂ.ಎ. ಮಾಡಿದ ಸರ್ಕಾರ್. ಅವರಿಗೆ ಮರಾಠಾ ಕಾಗದಪತ್ರಗಳು ಬೇಕಿದ್ದವು, ಸರದೇಸಾಯಿಗೆ ಪರ್ಷಿಯನ್ ಭಾಷೆಯ ದಾಖಲೆಗಳಲ್ಲಿ ಇರುವ ವಿಷಯ ಬೇಕಿತ್ತು, ಹಾಗಾಗಿ ಸ್ನೇಹದ ಜೊತೆಗೆ ಅಗತ್ಯವೂ ಇತ್ತು. ಪುಣೆಯ ಪೇಶ್ವೆ ದಫ್ತರದಲ್ಲಿ, ಅಂದರೆ ಪೇಶ್ವೆಗಳ ಕಾಲದ ಸರ್ಕಾರಿ ದಾಖಲೆಗಳ ಸಂಗ್ರಹದಲ್ಲಿ, ಮೋಡಿ ಅನ್ನುವ ಮರಾಠಿಯ ಹಳೆಯ ಲಿಪಿಯ ಕಾಗದಗಳು ಕಂತೆಗಟ್ಟಲೆ ಬಿದ್ದಿದ್ದವು. ಅವುಗಳಿಂದ ಆರಿಸಿ ಪ್ರಕಟಿಸುವ ಕೆಲಸ ಸರದೇಸಾಯಿಗೆ ಸಿಗಲು ಸರ್ಕಾರ್ ಬೆಂಬಲ ದೊಡ್ಡದು. 1930ರಿಂದ 1934ರೊಳಗೆ 45 ಸಂಪುಟಗಳು ಬಂದವು! ಪುಣೆಯ ಕೆಲವು ವಿದ್ವಾಂಸರಿಗೆ ಇದನ್ನು ಸಹಿಸಲಾಗಲಿಲ್ಲ. ಆ ಜಗಳದ ಬಿಸಿ ಪತ್ರಗಳಲ್ಲಿ ಸಿಗುತ್ತದೆ.

ಸರ್ಕಾರ್ ದನಿ ಕೆಲವೊಮ್ಮೆ ಮೇಷ್ಟ್ರು ಗದರಿಸಿದ ಹಾಗೆ ಇರುತ್ತದೆ, ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಸರದೇಸಾಯಿ ವಯಸ್ಸಿನಲ್ಲಿ 5 ವರ್ಷ ದೊಡ್ಡವರು ಬೇರೆ. ಆದರೂ ಅವರು ಮುನಿಸಿಕೊಂಡು ಪತ್ರ ನಿಲ್ಲಿಸಲಿಲ್ಲ. ಇಬ್ಬರೂ ಬೆಳೆದ ಮಕ್ಕಳನ್ನು ಕಳೆದುಕೊಂಡವರು, ಆ ದುಃಖವನ್ನೂ ಹಂಚಿಕೊಂಡವರು.

ಓದಬೇಕು ಅನ್ನಿಸಿದರೆ ಹರಿರಾಮ್ ಗುಪ್ತ ಸಂಪಾದಿಸಿದ ಪತ್ರ ಸಂಗ್ರಹ ಇದೆ. ಇದೇ ಪತ್ರಗಳನ್ನು ಹಿಡಿದು ಇತಿಹಾಸಕಾರ ದೀಪೇಶ್ ಚಕ್ರವರ್ತಿ 2015ರಲ್ಲಿ ಒಂದು ಇಂಗ್ಲಿಷ್ ಪುಸ್ತಕ ಬರೆದಿದ್ದಾರೆ. ನಾನಾದರೆ ದಫ್ತರದ ಜಗಳದ ಕಾಲದ ಪತ್ರಗಳಿಂದಲೇ ಶುರು ಮಾಡಿ ಅನ್ನುತ್ತೇನೆ, ಮೊದಲಿನಿಂದ ಓದುತ್ತಾ ಹೋದರೆ ಸುಮ್ನೆ ಬೇಜಾರಾಗಿ ಬಿಟ್ಟುಬಿಡುತ್ತೀರಿ.