ದೇವರು ಸುಮ್ನೆ ಕ್ಷಮಿಸಬಹುದಿತ್ತಲ್ಲ, ಬಲಿ ಯಾಕೆ ಬೇಕಿತ್ತು?

ನೀವು ಕೇಳಿರೋದು ಎರಡು ಪ್ರಶ್ನೆ. ದೇವರು ಪ್ರೀತಿಯುಳ್ಳವರಾದರೆ ಪಾಪವನ್ನು ಸುಮ್ನೆ ಕ್ಷಮಿಸಬಹುದಿತ್ತು, ಯೇಸುವಿನ ರಕ್ತ ಯಾಕೆ ಬೇಕಾಯಿತು? ಕ್ಷಮೆ ಸಿಕ್ಕ ಮೇಲೆ ಹೇಗೆ ಬೇಕಾದರೂ ಬದುಕಬಹುದಾ? ನಾನು ಕ್ರೈಸ್ತಳು. ನನ್ನ ನಂಬಿಕೆಯ ಬೇರು ಇರೋದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ.

ಬಲಿ ಅಂದ ಕೂಡಲೇ, ಸಿಟ್ಟಾದ ದೇವರನ್ನು ತಣ್ಣಗೆ ಮಾಡಲು ಮನುಷ್ಯ ಕೊಡುವ ಕಾಣಿಕೆ ಅಂತ ಅನಿಸುತ್ತದೆ. ಬಲಿಯನ್ನು ಒಡಂಬಡಿಕೆಯಿಂದ, ಅಂದರೆ ದೇವರು ಜನರ ಜೊತೆ ಮಾಡಿಕೊಂಡ ಒಪ್ಪಂದದಿಂದ, ಬೇರೆ ಮಾಡಿ ಓದಿದರೆ ಹಾಗೇ ಕಾಣೋದು. ಎರಡನ್ನೂ ಸೇರಿಸಿ ಓದಿ ನೋಡಿ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯ. ನಿನ್ನ ಸಂತಾನಕ್ಕೆ ಈ ನಾಡು ಕೊಡುತ್ತೇನೆ ಎಂದು ದೇವರು ಇಸ್ರಾಯೇಲರ ಮೂಲಪುರುಷ ಅಬ್ರಾಮನಿಗೆ ಹೇಳುತ್ತಾರೆ. ಅದು ನನಗೆ ಹೇಗೆ ಗೊತ್ತಾಗಬೇಕು ಎಂದು ಅವನು ಕೇಳುತ್ತಾನೆ. ಮೂರು ವರ್ಷದ ಕಡಸು, ಆಡು, ಟಗರು, ಜೊತೆಗೆ ಎರಡು ಹಕ್ಕಿ ತರಲು ಅಪ್ಪಣೆಯಾಗುತ್ತದೆ. ಅಬ್ರಾಮ ಪ್ರಾಣಿಗಳನ್ನು ಎರಡೆರಡು ಹೋಳು ಮಾಡಿ ಎದುರುಬದುರು ಇಡುತ್ತಾನೆ. ಮಾಂಸಕ್ಕೆ ಎರಗುವ ಹದ್ದುಗಳನ್ನು ಓಡಿಸುತ್ತಾನೆ. ಒಪ್ಪಂದ ಮಾಡಿಕೊಂಡವರು ಆ ಹೋಳುಗಳ ನಡುವೆ ಹಾದುಹೋಗುವ ಪದ್ಧತಿ ಇತ್ತು, ಪ್ರವಾದಿ ಯೆರೆಮೀಯನ ಪುಸ್ತಕದ 34ನೇ ಅಧ್ಯಾಯದಲ್ಲೂ ಅದರ ಪ್ರಸ್ತಾಪ ಬರುತ್ತದೆ. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಅಂತ ಅದರ ಅರ್ಥ. ಆದರೆ ಹೊತ್ತು ಮುಳುಗುವಾಗ ಅಬ್ರಾಮನಿಗೆ ಗಾಢ ನಿದ್ರೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯೊಂದು, ಉರಿಯುವ ಪಂಜೊಂದು ಹೋಳುಗಳ ನಡುವೆ ದಾಟುತ್ತವೆ. ಅಬ್ರಾಮ ನಡೆಯಲೇ ಇಲ್ಲ! ದೇವರೊಬ್ಬರೇ ನಡೆದರು. ಮಾತು ಮುರಿದರೆ ಬರುವ ಕೇಡನ್ನು ಅವರೇ ತಮ್ಮ ಮೇಲೆ ಹಾಕಿಕೊಂಡರು. ಶಿಲುಬೆಯನ್ನು ಇಲ್ಲಿಂದ ಓದಲು ಶುರು ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮುಂದೆ ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲ್ ಜನರ ನಾಯಕ ಮೋಶೆ ಬಲಿಯ ರಕ್ತದಲ್ಲಿ ಅರ್ಧವನ್ನು ಯಜ್ಞವೇದಿಗೂ ಉಳಿದರ್ಧವನ್ನು ಜನರ ಮೇಲೂ ಚಿಮುಕಿಸುತ್ತಾನೆ. ಜನ ದೇವರು ಹೇಳಿದ್ದೆಲ್ಲ ಮಾಡುತ್ತೇವೆ ಎಂದರು. ಆಮೇಲೆ ಬೆಟ್ಟ ಹತ್ತಿದ ಮೋಶೆ ಇಳಿಯುವಷ್ಟರಲ್ಲಿ ಅವರು ಪೂಜಿಸಲು ಚಿನ್ನದ ಕರು ತಯಾರಾಗಿತ್ತು. ಹೀಗೆ ಮಾತು ಮುರಿಯುತ್ತಲೇ ಇದ್ದ ಜನಕ್ಕೆ ವರ್ಷಕ್ಕೊಂದು ದಿನ ಪಾಪಪರಿಹಾರಕ್ಕೆಂದೇ ಇತ್ತು. ಯಾಜಕಕಾಂಡ 16ರಲ್ಲಿದೆ. ಎರಡು ಹೋತ. ಒಂದರ ರಕ್ತವನ್ನು ಮಹಾಯಾಜಕ, ಅಂದರೆ ಪ್ರಧಾನ ಪೂಜಾರಿ, ಗುಡಾರದ ಒಳಗಿನ ಮಹಾಪವಿತ್ರಸ್ಥಾನಕ್ಕೆ ಒಯ್ಯುತ್ತಿದ್ದ. ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಹೇಳಿ ಅದನ್ನು ಕಾಡಿಗೆ ಕಳಿಸುತ್ತಿದ್ದರು. ಮರುವರ್ಷ ಮತ್ತೆ ಅದೇ.

ಯೆರೆಮೀಯ 31ರಲ್ಲಿ ಹೊಸ ಒಡಂಬಡಿಕೆಯ ಮಾತು ಬರುತ್ತದೆ. ಧರ್ಮಶಾಸ್ತ್ರವನ್ನು ಅವರ ಹೃದಯದಲ್ಲೇ ಬರೆಯುತ್ತೇನೆ, ಅವರ ಪಾಪವನ್ನು ಇನ್ನು ನೆನೆಯುವುದಿಲ್ಲ ಅಂತ. ಯೆಹೂದ್ಯರ ಪಸ್ಕ ಹಬ್ಬದ ತಮ್ಮ ಕೊನೆಯ ಊಟದಲ್ಲಿ ಯೇಸು ಸ್ವಾಮಿ ಪಾತ್ರೆ ತೆಗೆದುಕೊಂಡು, ಇದು ಒಡಂಬಡಿಕೆಯ ನನ್ನ ರಕ್ತ, ಪಾಪಗಳ ಕ್ಷಮೆಗಾಗಿ ಅನೇಕರಿಗೋಸ್ಕರ ಸುರಿಯುವಂಥದ್ದು ಎಂದರು. ಸೀನಾಯಿಯ ರಕ್ತವೂ ಯೆರೆಮೀಯನ ಕ್ಷಮೆಯೂ ಅಲ್ಲಿ ಒಂದಾದವು. ಇದು ಒಂದೇ ಸಲಕ್ಕೆ ಮುಗಿದ ಬಲಿ, ಪ್ರತಿವರ್ಷ ಬೇಕಿಲ್ಲ ಅನ್ನುತ್ತದೆ ಬೈಬಲಿನಲ್ಲಿರುವ ಇಬ್ರಿಯರಿಗೆ ಬರೆದ ಪತ್ರ.

ಈಗ ನಿಮ್ಮ ‘ಸುಮ್ನೆ’ಗೆ ಬರೋಣ. ಮತ್ತಾಯನ ಸುವಾರ್ತೆ 18ರಲ್ಲಿ ಯೇಸು ಸ್ವಾಮಿ ಹೇಳಿದ ಸಾಮ್ಯದ ಕಥೆಯಲ್ಲಿ ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ ಕೊಡಬೇಕಿತ್ತು. ಒಂದು ತಲಾಂತಿಗೆ ಸುಮಾರು 6,000 ದಿನದ ಕೂಲಿ ಲೆಕ್ಕ ಹಾಕಿದರೆ ಆರು ಕೋಟಿ ದಿನದ ದುಡಿಮೆ! ರಾಜ ಪೂರ್ತಿ ಬಿಟ್ಟುಬಿಟ್ಟ. ಸಾಲಗಾರನಿಗೆ ಅದು ಪುಕ್ಕಟೆ. ರಾಜನ ಬೊಕ್ಕಸಕ್ಕೆ ಪುಕ್ಕಟೆ ಅಲ್ವಲ್ಲ. ನಷ್ಟವನ್ನು ಯಾರಾದರೂ ನುಂಗಲೇಬೇಕು, ಕ್ಷಮಿಸಿದವರೇ ನುಂಗುತ್ತಾರೆ. ಶಿಲುಬೆಯ ಮೇಲೆ ಆದದ್ದು ಇದೇ. ದೇವರು ಯಾರೋ ಮೂರನೆಯವರನ್ನು ಹಿಡಿದು ಹೊಡೆದದ್ದಲ್ಲ. ದೇವರು ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನು ತಮ್ಮೊಂದಿಗೆ ಸಮಾಧಾನಪಡಿಸಿಕೊಂಡರು ಎಂದು ಯೇಸುವಿನ ಅಪೊಸ್ತಲ ಪೌಲ ಬರೆಯುತ್ತಾನೆ. ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಇದರ ವಿವರಣೆ ಬೇರೆ ಬೇರೆ ಇದೆ. ಪ್ರೊಟೆಸ್ಟೆಂಟರಲ್ಲಿ ಬಹಳಷ್ಟು ಜನ ಶಿಕ್ಷೆ ಹೊತ್ತದ್ದಕ್ಕೆ ಒತ್ತು ಕೊಡುತ್ತಾರೆ, ಆರ್ಥೊಡಾಕ್ಸ್ ಸಭೆಗಳವರು ಮರಣವನ್ನು ಗೆದ್ದದ್ದಕ್ಕೆ ಜಾಸ್ತಿ.

ಎರಡನೇ ಪ್ರಶ್ನೆಗೆ ಲೂಕ 19ರ ಜಕ್ಕಾಯನನ್ನು ನೋಡಿ. ಯೆರಿಕೋ ಊರಿನ ತೆರಿಗೆ ವಸೂಲಿ ಮಾಡುವ ಸುಂಕದವರ ಮುಖ್ಯಸ್ಥ, ಎಲ್ಲರೂ ಪಾಪಿ ಎನ್ನುತ್ತಿದ್ದವನು. ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದು ಯೇಸು ಸ್ವಾಮಿ ತಾವಾಗಿಯೇ ಹೇಳಿದರು, ಒಂದು ಷರತ್ತೂ ಹಾಕಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಜಕ್ಕಾಯ ಎದ್ದು ನಿಂತು ಹೇಳಿದ್ದು ಅದಾದ ಮೇಲೆ. ಕ್ಷಮೆ ಸಿಕ್ಕವನು ಹಳೇ ಹಾಗೇ ಬದುಕಲಿಲ್ಲ.